ಕತ್ತೆಗಳು ತೋಡಿದ ಗುಂಡಿಗೆ ಕಲ್ಲು ಸುರಿಸಿದ್ದು ನಾನು

ಮಾನ್ಯ ಆಯುಕ್ತರೇ,

ಒಣಗಿದ ಹೊಳೆಯಲ್ಲಿದ್ದ ಗುಂಡಿಗಳನ್ನು ಮುಚ್ಚಿಸಿದ್ದು ನೀವು. ಮುಚ್ಚಿಸಿ ಎಂದು ದೂರು ಕೊಟ್ಟ ಪಾಪಿ ನಾನು. ಬೀದಿದೀಪಕ್ಕೆಂದು ನಾನು ಕೊಟ್ಟ ಏಳು ಅರ್ಜಿಗಳು ನಿಮ್ಮಲ್ಲಿ ಇಂದಿಗೂ ಗೊರಕೆ ಹೊಡೆಯುತ್ತಿವೆ. ಇದೊಂದಕ್ಕೆ ಮಾತ್ರ ಎರಡೇ ದಿನದಲ್ಲಿ ಲಾರಿ ತುಂಬ ಕಲ್ಲು ಬಂತು. ಇಷ್ಟು ಚುರುಕು ನಿಮಗೆ ಯಾರು ಕಲಿಸಿದರು, ಸ್ವಾಮಿ?

ನಾನು ಬೋರ್ಡು ಬರೆಯುವವನು. ನಿಮ್ಮ ಕಚೇರಿಯ ಬಾಗಿಲ ಮೇಲಿರುವುದೂ ನನ್ನದೇ ಅಕ್ಷರ. ಏಣಿ ಹೊತ್ತು ಹೊಳೆ ದಾಟುವಾಗ ಗುಂಡಿಯಲ್ಲಿ ಕಾಲು ಉಳುಕಿತು. ಸಿಟ್ಟು ನೆತ್ತಿಗೇರಿ ಅಂದೇ ಬರೆದೆ: "ಬಿಡಾಡಿ ಕತ್ತೆಗಳ ಹಾವಳಿ." ಅವು ಬಿಡಾಡಿಗಳಲ್ಲ, ಊರಿನಲ್ಲಿ ಇಟ್ಟಿಗೆ ಸಾಗಿಸುವ, ಎಲ್ಲರೂ ಅಕ್ಕ ಎನ್ನುವ ಹೆಂಗಸಿನ ನಾಲ್ಕು ಕತ್ತೆಗಳು ಎಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಗೊರಸಿನಿಂದ ಮರಳು ಕೆರೆದು ಕೆರೆದು, ಮೊಣಕಾಲುದ್ದ ತೋಡಿ, ಒಸರಿದ ತಿಳಿನೀರು ಕುಡಿಯುತ್ತಿದ್ದವು. ಅವು ಹೋದ ಮೇಲೆ ಮೇಕೆ, ನಾಯಿ, ಗುಬ್ಬಿಗಳ ಸರದಿ. ಒಂದೇ ಒಂದು ಸಭೆ ನಡೆಸದೆ ಅವು ಮಾಡಿಕೊಂಡಿದ್ದ ನೀರು ಸರಬರಾಜನ್ನು ನಾವಿಬ್ಬರೂ ಸೇರಿ ಮುಚ್ಚಿದೆವು.

"ಕತ್ತೆ ಒಣನಾಡಿನ ಪ್ರಾಣಿ, ನೀರಿಲ್ಲದೆ ತಡೆಯುತ್ತದೆ" ಎಂದು ನಿಮ್ಮ ಕಚೇರಿಯ ಸಮಜಾಯಿಷಿ. ನಿಜ. ಮೈತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡರೂ ನಿಂತಿರುತ್ತದೆ. ನೀರು ಸಿಕ್ಕರೆ ಕೆಲವೇ ನಿಮಿಷಗಳಲ್ಲಿ ಅಷ್ಟನ್ನೂ ತುಂಬಿಕೊಳ್ಳುತ್ತದೆ. ಸಿಕ್ಕರೆ! ನೀವು ಇಡಿಸಿದ ಪಾಚಿಗಟ್ಟಿದ ತೊಟ್ಟಿಯನ್ನು ಅವು ಮೂಸಿ ನೋಡಿ ಹಿಂದೆ ಸರಿದವು. ಗಲೀಜು ನೀರೆಂದರೆ ಕತ್ತೆಗೆ ಆಗದು. ತಾವು ಕುಡಿಯುತ್ತೀರಾ?

ಮನೆಗೆ ಬರುವ ಎರಡು ಕೊಡ ನೀರನ್ನೇ ಅಕ್ಕ ಅವಕ್ಕೂ ಹಂಚಿದಳು. ಸಾಲಲಿಲ್ಲ. ಹತ್ತನೆಯ ದಿನ ನನ್ನ ಅಂಗಡಿಗೆ ಬಂದಳು.

"ಅಣ್ಣಾ, ಬಾಯಾರಿದ್ರೆ ಕತ್ತೆ ಅರಚಲ್ಲ, ಒದೆಯಲ್ಲ. ಹೊರೆ ಹೊತ್ಕೊಂಡು ನಡೀತಾನೇ ಇತ್ತು. ನಂಗೂ ಗೊತ್ತಾಗ್ಲಿಲ್ಲ. ನಮ್ಮ ಮುದಿ ಕತ್ತೆ ನಿಂತಲ್ಲೇ ಬಿದ್ದು ಸತ್ತೋಯ್ತು. ಅದ್ಯಾವ ಪುಣ್ಯಾತ್ಮ ದೂರು ಕೊಟ್ನೋ! ಆ ಕಲ್ಲು ತೆಗೆಸಿ ಅಂತ ನೀನೇ ಒಂದು ಅರ್ಜಿ ಬರ್ಕೊಡು, ನಿನ್ನ ಅಕ್ಷರ ಮುತ್ತಿನ ಹಾಗಿದೆ."

ಬರೆದುಕೊಟ್ಟೆ. ಆ ಪುಣ್ಯಾತ್ಮ ನಾನೇ ಎನ್ನಲು ಬಾಯಿ ಬರಲಿಲ್ಲ. ಅವಳು ಹೆಬ್ಬೆಟ್ಟು ಒತ್ತುವಾಗ ಕಾಗದ ಹಿಡಿದುಕೊಂಡಿದ್ದವನೂ ನಾನೇ. ನಿಮ್ಮ ಕಡತದಲ್ಲಿ ದೂರೂ ಅರ್ಜಿಯೂ ಒಂದೇ ಕೈಬರಹದಲ್ಲಿವೆ. ಯಾರಿಗೂ ಅನುಮಾನ ಬಂದಿಲ್ಲವೆಂದರೆ ಯಾರೂ ಓದಿಲ್ಲವೆಂದೇ ಅರ್ಥ. ಆದರೂ ನಾಚಿಕೆಯಲ್ಲಿ ನನ್ನ ಪಾಲೇ ದೊಡ್ಡದು.

ದೂರು ಹಿಂಪಡೆಯಲು ಬಂದರೆ "ಅದು ವಿಲೇವಾರಿ ಆಗೋಯ್ತಲ್ಲ" ಎಂದರು ನಿಮ್ಮ ಗುಮಾಸ್ತರು. ಹಾಗಾದರೆ ಕೇಳಿ: ಈ ವಾರದೊಳಗೆ ಆ ಕಲ್ಲು ಎತ್ತಿಸಿ. ಬಾವಿ ಬೇಡ, ಯೋಜನೆ ಬೇಡ. ಮರಳನ್ನು ಬಿಟ್ಟುಕೊಡಿ ಸಾಕು, ಉಳಿದ ಮೂರು ತಾವೇ ತೋಡಿಕೊಳ್ಳುತ್ತವೆ. ಎತ್ತಿಸದಿದ್ದರೆ ನಾನೇ ಹಾರೆ ಹಿಡಿದು ಇಳಿಯುತ್ತೇನೆ.

ಇದು ಅಚ್ಚಾದ ದಿನ ಅಕ್ಕ ಪತ್ರಿಕೆ ಹಿಡಿದು ನನ್ನ ಹತ್ತಿರವೇ ಬರುತ್ತಾಳೆ, ಓದಿ ಹೇಳು ಎಂದು. ಅವಳಿಗೆ ಓದು ಬಾರದು. ಒಂದಕ್ಷರ ಬಿಡದೆ ಓದುತ್ತೇನೆ.

ಇಂತಿ,
ನೀವು ಮನ್ನಿಸಿದರೂ ಪ್ರಯೋಜನವಿಲ್ಲದ
ಒಬ್ಬ ಬೋರ್ಡು ಬರೆಯುವವನು