ನನ್ನ ಅಂಗಾಲು ನೋಡುವವಳಿಗೆ

ಹೈರಿಡ್ಜ್, ನೈರೋಬಿ
ಭಾನುವಾರ, ಇಗರ್ಜಿಯ ಪೂಜೆ ಮುಗಿಸಿ ಬಂದ ಮೇಲೆ

ಜಯಾ,

‘ಪ್ರೀತಿಯ’ ಎಂದು ಮೊದಲು ಬರೆಯಬೇಕೆಂದು ನನಗೂ ಗೊತ್ತು. ಕೈ ಬರುತ್ತಿಲ್ಲ. ಆ ಪದ ಪತ್ರದ ಕೊನೆಯೊಳಗೆ ತಾನಾಗಿ ಬಂದರೆ ಬರಲಿ. ಈಗಂತೂ ಸಿಟ್ಟು ನೆತ್ತಿಗೇರಿದೆ, ಮಾರಾಯ್ತಿ. ಫೋನಿನಲ್ಲಿ ಬೈಯೋಣವೆಂದರೆ ‘ಮಗು ಅಳ್ತಿದೆ ಕಣೆ, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಡುತ್ತೀ. ವಿಡಿಯೊ ಕಾಲ್ ಎತ್ತುವುದನ್ನು ಬಿಟ್ಟೇ ಒಂದು ವರ್ಷವಾಯಿತು. ಅದಕ್ಕೇ ಕಾಗದ ಪೆನ್ನು ಹಿಡಿದು ಕೂತಿದ್ದೇನೆ. ಕಾಗದದ ಬಾಯಿಯನ್ನು ನೀನು ಮುಚ್ಚಿಸಲಾರೆ.

ಕಳೆದ ಸೋಮವಾರ ನಿನಗೊಂದು ಫೋಟೊ ಕಳಿಸಿದ್ದೆ. ನನ್ನ ಬಲ ಅಂಗಾಲಿನದು. ಕಿರುಬೆರಳಿನ ಬುಡದಲ್ಲಿ ಚರ್ಮ ಸುಲಿದು ರಕ್ತ ಬಂದಿತ್ತು. ‘ಇದು ಎಷ್ಟು ಆಳ ಇದೆ ನೋಡಿ ಹೇಳು, ನನಗೆ ನೋವೇ ಗೊತ್ತಾಗುತ್ತಿಲ್ಲ’ ಎಂದು ಕೆಳಗೆ ಬರೆದಿದ್ದೆ. ಮಾರನೆಯ ದಿನ ನಿನ್ನ ಉತ್ತರ ಬಂತು: ಮೇಲಕ್ಕೆತ್ತಿದ ಒಂದು ಹಳದಿ ಹೆಬ್ಬೆರಳು. ಅಷ್ಟೇ. ಮೂವತ್ತು ವರ್ಷ ಡಾಕ್ಟರಾಗಿದ್ದವಳು, ಸುಲಿದ ಕಾಲು ನೋಡಿ ಭೇಷ್ ಎಂದೆಯಲ್ಲ! ನಮ್ಮ ಶಾಲೆಯ ಡೆಂಜಿಲ್ ಮಾಸ್ಟರು ತೀರಿಕೊಂಡ ಸುದ್ದಿ ಬರೆದಾಗಲೂ ಇದೇ ಹೆಬ್ಬೆರಳು ಕಳಿಸಿದ್ದೆ. ಅಂದು ನಾನು ನಕ್ಕುಬಿಟ್ಟಿದ್ದೆ, ಮೊಮ್ಮಗನನ್ನು ಎತ್ತಿಕೊಂಡು ಕೈತಪ್ಪಿ ಒತ್ತಿರಬೇಕು ಎಂದು. ಈ ಸಲ ನಗು ಬರಲಿಲ್ಲ.

ನಿನಗೆ ಮರೆತಿದ್ದರೆ ನೆನಪು ಮಾಡುತ್ತೇನೆ, ಕೇಳು.

ನನ್ನ ಗಂಡ ಸ್ಟ್ಯಾನಿ ತೀರಿಕೊಂಡ ವರ್ಷ ನಾನು ಈ ಸೋಫಾದಲ್ಲಿ ಬೇರುಬಿಟ್ಟಿದ್ದೆ. ಶಾಲೆಗೆ ಹೋಗಿ ಗಣಿತ ಹೇಳಿಕೊಡುವುದು, ಬಂದು ಕೂರುವುದು. ಮಗಳು ಶೆರಿಲ್ ವಾರಕ್ಕೊಮ್ಮೆ ಕಸರಾನಿಯಿಂದ ಬಂದು ‘ಮಮ್, ಯು ಮಸ್ಟ್ ಗೋ ಔಟ್’ ಎಂದು ಹೇಳಿ ಹೋಗುತ್ತಿದ್ದಳು. ಎಲ್ಲಿಗೆ ಹೋಗಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಮೇಲಿನ ಮಹಡಿಯಿಂದ ಇಳಿದು ಬಂದು ಹೇಳಿದವಳು ನೀನು. ‘ಎದ್ದೇಳೆ, ಲೆಸೊಥೊಗೆ ಹೋಗೋಣ. ಅಲ್ಲಿ ಜುಲೈನಲ್ಲಿ ಹಿಮ ಬೀಳತ್ತೆ. ಹಲಗೆ ಮೇಲೆ ನಿಂತ್ಕೊಂಡು ಜಾರೋದು.’ ನನಗೆ ಆಗ ಐವತ್ತು, ನಿನಗೆ ಐವತ್ತೆರಡು. ತಲೆ ಕೆಟ್ಟಿದೆಯಾ ಎಂದೆ. ‘ಗಂಗಾಧರ ಹೋದಾಗ ನನ್ನನ್ನ ಯಾರೂ ಹೀಗೆ ಎಳಕೊಂಡು ಹೋಗ್ಲಿಲ್ಲ, ಅದಕ್ಕೇ ಕೆಟ್ಟಿದೆ’ ಎಂದೆ ನೀನು. ಗಂಡ ಸತ್ತ ಇಬ್ಬರು ಹೆಂಗಸರು ಸ್ನೋಬೋರ್ಡ್ ಕಲಿಯಲು ಹೊರಟ ಸುದ್ದಿಗೆ ಕನ್ನಡ ಸಂಘದ ಊಟದ ಸಾಲಿನಲ್ಲಿ ನಕ್ಕಿದ್ದೇ ನಕ್ಕಿದ್ದು.

ಮೊದಲ ಬೂಟನ್ನು ನಾನು ನಮ್ಮ ಅಮ್ಮನ ಲೆಕ್ಕದಲ್ಲಿ ತೆಗೆದುಕೊಂಡೆ. ಒಂದು ಸೈಜ್ ದೊಡ್ಡದು, ಒಳಗೆ ಎರಡು ಜೊತೆ ದಪ್ಪ ಸಾಕ್ಸ್. ಮಂಗಳೂರಿನಲ್ಲಿ ನಮಗೆ ಶಾಲೆಯ ಬೂಟು ಕೊಡಿಸುತ್ತಿದ್ದದ್ದೇ ಹಾಗೆ, ಬೆಳೆಯುವ ಕಾಲು ಎಂದು. ‘ಐವತ್ತಾದ ಮೇಲೆ ಇನ್ನೆಷ್ಟು ಬೆಳೆಯತ್ತೆ ನಿನ್ನ ಕಾಲು?’ ಎಂದು ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಗುಡ್ಡದ ಮೇಲೆ ಹಿಮ್ಮಡಿ ಬೂಟಿನೊಳಗೇ ಎದ್ದು ಎದ್ದು ಬೀಳುತ್ತಿತ್ತು. ಹಲಗೆ ಒಂದು ಕಡೆ, ನಾನು ಒಂದು ಕಡೆ. ಬೂಟೇ ಸರಿಯಿಲ್ಲ ಎಂದು ನಾನು ಗೊಣಗಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀನು ರೇಗಿಸಿದೆ. ಸಂಜೆ ಬೂಟು ಬಿಚ್ಚಿ ನೋಡಿ, ‘ಇಲ್ಲ ಕಣೆ, ನಿಂದು ನಿಜವಾಗ್ಲೂ ನೆಲಾನೇ ಡೊಂಕು’ ಎಂದು ಒಪ್ಪಿಕೊಂಡೆ.

ಆಮೇಲೆ ಕಲಿಸಿದವಳೂ ನೀನೇ. ಬೆರಳ ತುದಿ ಬೂಟಿನ ಮೂತಿಗೆ ಮುಟ್ಟಿಯೂ ಮುಟ್ಟದ ಹಾಗಿರಬೇಕು, ಮಂಡಿ ಬಗ್ಗಿಸಿದರೆ ಹಿಂದೆ ಸರಿಯಬೇಕು. ಸಾಕ್ಸ್ ಒಂದೇ, ತೆಳ್ಳಗಿನ ಉಣ್ಣೆಯದು. ಹೊರಡುವ ಮೊದಲು ಉಗುರನ್ನು ನೇರವಾಗಿ ಕತ್ತರಿಸಬೇಕು. ರಾತ್ರಿ ನಾನು ಕಾಲಿಗೆ ತಿಕ್ಕುತ್ತಿದ್ದ ತೆಂಗಿನೆಣ್ಣೆ ಬಾಟ್ಲಿಯನ್ನು ಕಿತ್ತುಕೊಂಡು, ‘ಚರ್ಮ ಮೆತ್ತಗಾದ್ರೆ ಬೊಕ್ಕೆ ಬರತ್ತೆ, ಊರಿಗೆ ಹೋದ್ಮೇಲೆ ಬೇಕಾದಷ್ಟು ಬಳ್ಕೊ’ ಎಂದು ಬೈದಿದ್ದೆ. ಬೂಟಿನೊಳಗಿನ ಮೆತ್ತೆಯನ್ನು, ಅದೇ ಆ ಲೈನರನ್ನು, ಬಿಸಿ ಮಾಡಿ ಕಾಲಿಟ್ಟು ನಿಂತರೆ ಅದು ನಮ್ಮ ಕಾಲಿನ ಆಕಾರಕ್ಕೇ ಬರುತ್ತದೆ. ಅಂಗಡಿಯವರು ಮಾಡಿಕೊಡುವ ಕೆಲಸವಂತೆ. ನೈರೋಬಿಯಲ್ಲಿ ಅದಕ್ಕೆ ಎಲ್ಲಿಯ ಅಂಗಡಿ? ನೀನು ಹಳೆ ಸಾಕ್ಸಿಗೆ ಪಿಶೋರಿ ಅಕ್ಕಿ ತುಂಬಿ, ಮೈಕ್ರೋವೇವಿನಲ್ಲಿ ಕಾಯಿಸಿ, ಬಾಣಂತಿಗೆ ಶಾಖ ಕೊಡುವ ಹಾಗೆ ನನ್ನ ಬೂಟಿಗೆ ಶಾಖ ಕೊಟ್ಟೆ. ಆ ಬೂಟು ಎರಡು ವರ್ಷ ಪಲಾವಿನ ವಾಸನೆ ಹೊಡೆಯಿತು.

ಆಮೇಲೆ ನನಗೆ ಸಕ್ಕರೆ ಕಾಯಿಲೆ ಬಂತು. ಬರಬರುತ್ತಾ ಅಂಗಾಲಿನ ಸ್ಪರ್ಶವೇ ಹೋಯಿತು. ಜೋಮು ಹಿಡಿದ ಹಾಗಲ್ಲ, ಜೋಮು ಹಿಡಿದದ್ದಾದರೂ ತಿಳಿಯುತ್ತದೆ. ಮುಳ್ಳು ಚುಚ್ಚಿದರೂ ಕಾಲಿಗೆ ಸುದ್ದಿಯಿಲ್ಲ. ಇನ್ನು ಬೂಟು ಮುಟ್ಟುವುದಿಲ್ಲ ಎಂದು ನಾನು ಅತ್ತಾಗ ನೀನು ಒಂದೇ ಷರತ್ತು ಹಾಕಿದೆ: ಗುಡ್ಡ ಇಳಿದು ಬಂದ ಮೇಲೆ ಪ್ರತಿ ಸಂಜೆ ಅಂಗಾಲು ತೋರಿಸಬೇಕು. ನನ್ನ ಕಾಲನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡೆ. ಅಯ್ಯೋ ದೇವರೇ, ನನಗೆ ಎಷ್ಟು ನಾಚಿಕೆಯಾಯಿತು! ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಪವಿತ್ರ ಗುರುವಾರ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುವುದು ಬಿಟ್ಟರೆ ನಾನು ಅಂಥದ್ದು ಕಂಡದ್ದೇ ಇಲ್ಲ. ‘ನೀನು ದೊಡ್ಡವಳು, ನನಗೆ ಪಾಪ ಸುತ್ತಿಕೊಳ್ಳುತ್ತದೆ’ ಎಂದೆ. ‘ಸುತ್ಕೊಳ್ಳಲಿ ಬಿಡು, ಗ್ಯಾಂಗ್ರೀನ್‌ಗಿಂತ ವಾಸಿ’ ಎಂದೆ ನೀನು.

ನೀನು ಮೊದಲು ಟಾರ್ಚು ಹಚ್ಚುತ್ತಿರಲಿಲ್ಲ. ಮೊದಲು ಅಂಗಾಲಿನ ಮೇಲೆ ಬೆರಳಾಡಿಸುತ್ತಿದ್ದೆ, ಹಿಮ್ಮಡಿಯಿಂದ ಬೆರಳ ಸಂದಿನವರೆಗೆ, ನಿಧಾನವಾಗಿ. ‘ಬಿಸಿ ಎಲ್ಲಿದೆ ಅಂತ ಕೈ ಹೇಳತ್ತೆ ಕಣೆ, ಕಣ್ಣಿನ ಕೆಲಸ ಆಮೇಲೆ.’ ಮುಗಿದ ಮೇಲೆ ‘ಈಗ ನಂದು ನೋಡು’ ಎಂದು ನೀನೂ ಕಾಲು ಚಾಚುತ್ತಿದ್ದೆ. ನಿನಗೇನು, ಎಡಗಾಲಿನ ಒಂದು ಆಣಿ ಬಿಟ್ಟರೆ ಕಲ್ಲಿನಂಥ ಕಾಲು. ನನಗೆ ಸಂಕೋಚವಾಗದಿರಲಿ ಎಂದೇ ತೋರಿಸುತ್ತಿದ್ದೆ ಎಂದು ನನಗೆ ಆಗಲೇ ಗೊತ್ತಿತ್ತು. ಹೇಳಿರಲಿಲ್ಲ ಅಷ್ಟೇ.

ಎರಡು ವರ್ಷದ ಹಿಂದೆ ನೀನು ಮಗಳು ಶರ್ವಾಣಿಯ ಹೆರಿಗೆಗೆಂದು ಕೆನಡಾದ ಕ್ಯಾಲ್ಗರಿಗೆ ಹೋದೆ. ಆರು ತಿಂಗಳು ಎಂದು ಹೇಳಿದವಳು ಅಲ್ಲೇ ಉಳಿದೆ. ಅಲ್ಲಿ ಚಳಿಗಾಲದಲ್ಲಿ ಬಾಗಿಲು ತೆಗೆದರೆ ಮೊಣಕಾಲುದ್ದ ಹಿಮ, ನೀನು ಹಲಗೆ ಮುಟ್ಟುವುದಿಲ್ಲ. ಇಲ್ಲಿ ಭೂಮಧ್ಯರೇಖೆಯ ಪಕ್ಕ ಕೂತು ನಾನು ಬೂಟು ಒರೆಸುತ್ತೇನೆ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ.

ಕಳೆದ ವರ್ಷ ಹೋಗಲಿಲ್ಲ. ಈ ವರ್ಷ ಹಟ ಬಂತು. ಹೊಸ ಬೂಟು ತರಿಸಿದೆ, ಲೆಸೊಥೊಗೆ ಟಿಕೆಟ್ಟೂ ಆಯಿತು, ಒಬ್ಬಳಿಗೇ. ಅಕ್ಕಿ ಕಾಯಿಸಿ ನಾನೇ ಲೈನರಿಗೆ ಶಾಖ ಕೊಟ್ಟೆ. ಬೂಟು ಕಾಲಿಗೆ ಒಗ್ಗಲಿ ಎಂದು ಸಂಜೆ ಅದನ್ನು ಹಾಕಿಕೊಂಡೇ ಮನೆಯೊಳಗೆ ಓಡಾಡಿದೆ, ಸಾರು ಕುದಿಸಿದೆ, ಕೂತು ಉತ್ತರಪತ್ರಿಕೆ ತಿದ್ದಿದೆ. ಬಿಚ್ಚಿದಾಗ ಸಾಕ್ಸ್ ಒದ್ದೆ. ಬೆವರು ಎಂದುಕೊಂಡೆ, ಮಾರಾಯ್ತಿ. ಕೈ ಕೆಂಪಾದಾಗ ಗೊತ್ತಾಯಿತು.

ನನ್ನ ಅಂಗಾಲನ್ನು ನಾನೇ ನೋಡಿಕೊಳ್ಳಲು ಎಷ್ಟು ಒದ್ದಾಡಿದೆ ಗೊತ್ತಾ? ಸೊಂಟ ಬಗ್ಗುವುದಿಲ್ಲ. ನೆಲದ ಮೇಲೆ ಕನ್ನಡಿ ಇಟ್ಟು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಕಾಲೆತ್ತಿ ಹಿಡಿದೆ. ಕನ್ನಡಿಯಲ್ಲಿ ಕಂಡದ್ದು ನನ್ನ ಮೂಗಿನ ಹೊಳ್ಳೆ ಮಾತ್ರ. ನಗು ಬಂತು. ನಕ್ಕಾಗ ಟಾರ್ಚು ಬಿತ್ತು. ಟಾರ್ಚು ಬಿದ್ದದ್ದೇ ಅಳು ಬಂತು. ಅಂದಾಜಿನ ಮೇಲೆ ಫೋಟೊ ತೆಗೆದು ನಿನಗೆ ಕಳಿಸಿದೆ. ಇನ್ಯಾರಿಗೆ ಕಳಿಸಲಿ? ಶೆರಿಲ್ ನೋಡಿದರೆ ಬೂಟು ಅವತ್ತೇ ಟೋಯ್ ಮಾರ್ಕೆಟ್ಟಿನ ಹಳೆ ಚಪ್ಪಲಿ ರಾಶಿ ಸೇರುತ್ತದೆ.

ನೀನು ಹೆಬ್ಬೆರಳು ಎತ್ತಿದ ಮೇಲೆ ನಾನೇ ಕ್ಲಿನಿಕ್ಕಿಗೆ ಹೋದೆ. ಮೇಲ್ಮೇಲಿನ ಗಾಯ, ಒಣಗುತ್ತಿದೆ, ಹೆದರಬೇಡ. ಪಟ್ಟಿ ಕಟ್ಟಿದ ನರ್ಸ್ ‘ಅಮ್ಮಾ, ಮನೆಯಲ್ಲಿ ನಿಮ್ಮ ಕಾಲನ್ನು ದಿನಾ ನೋಡುವವರು ಯಾರು?’ ಎಂದು ಕೇಳಿದಳು. ಇದ್ದಾರೆ ಎಂದೆ. ಹಾಗೆ ಹೇಳಿ ಗೇಟಿನ ಹೊರಗೆ ಬಂದು ಮಟಾಟು ಬಸ್ಸಿಗೆ ಕಾಯುತ್ತಾ ನಿಂತಾಗ ಕಣ್ಣು ತುಂಬಿ ಬಂತು. ಮಾತಾಡಿಸಲು ಜನ ಇಲ್ಲವೆಂದಲ್ಲ ಜಯಾ. ಶಾಲೆಯಲ್ಲಿ ಇದ್ದಾರೆ, ಇಗರ್ಜಿಯಲ್ಲಿ ಇದ್ದಾರೆ, ಗೇಟು ಕಾಯುವ ಅಸ್ಕಾರಿ ದಿನಾ ಕ್ಷೇಮ ಕೇಳುತ್ತಾನೆ. ಎಲ್ಲರೂ ನನ್ನ ಮುಖ ನೋಡುತ್ತಾರೆ. ಮುಖಕ್ಕೆ ನಾನು ಪೌಡರು ಹಚ್ಚಿ, ಸವಾ ಸವಾ, ಎಲ್ಲ ಸರಿಯಿದೆ ಎಂದು ತಲೆಯಾಡಿಸಿ ಬರುತ್ತೇನೆ. ನನ್ನ ಅಂಗಾಲು ನೋಡುತ್ತಿದ್ದವಳು ಈ ಲೋಕದಲ್ಲಿ ನೀನೊಬ್ಬಳೇ.

ಹೋಗಲಾ, ಬೇಡವಾ, ಅದನ್ನು ಹೇಳು. ನೋಡುವವರಿಲ್ಲದೆ ಈ ಕಾಲನ್ನು ಬೂಟಿಗೆ ಹಾಕುವುದು ಹುಚ್ಚು ಎಂದು ನನಗೂ ಗೊತ್ತು. ದಿನಾ ಸಂಜೆ ಐದು ನಿಮಿಷ ನೀನು ಫೋನಿನಲ್ಲಿ ನೋಡುತ್ತೇನೆಂದರೆ ಹೋಗುತ್ತೇನೆ. ಅದಕ್ಕೂ ಹೆಬ್ಬೆರಳು ತೋರಿಸಿದರೆ, ಬೂಟಿಗೂ ನಿನಗೂ ಒಂದು ದೊಡ್ಡ ನಮಸ್ಕಾರ.

ಗುರುವಾರ

ಭಾನುವಾರ ಇಲ್ಲಿಗೆ ನಿಲ್ಲಿಸಿ ಕಾಗದವನ್ನು ಲಕೋಟೆಗೆ ಹಾಕಿದ್ದೆ. ಅಂಟಿಸಿರಲಿಲ್ಲ. ನಿನ್ನೆ ಶರ್ವಾಣಿಯ ಫೋನ್ ಬಂತು.

ನಿನ್ನ ಫೋನಿನಲ್ಲಿ ಏನೋ ಹುಡುಕುತ್ತಿದ್ದಾಗ ನನ್ನ ಕಾಲಿನ ಫೋಟೊ ಕಂಡಿತಂತೆ, ಅದರ ಕೆಳಗೆ ನಿನ್ನ ಹೆಬ್ಬೆರಳೂ ಕಂಡಿತಂತೆ. ‘ಆಂಟಿ, ಈಸ್ ಯುವರ್ ಫುಟ್ ಓಕೆ? ಐ ಆಮ್ ಸೋ ಸಾರಿ’ ಎಂದಳು. ನಿನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಲು ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಅವಳು ಅಳುವುದಕ್ಕೆ ಶುರುಮಾಡಿ, ತನಗೆ ಬರುವ ಅಷ್ಟು ಕನ್ನಡದಲ್ಲಿ ಹೇಳಿದಳು: ‘ಅಮ್ಮಂಗೆ ಕಾಣ್ಸಲ್ಲ ಆಂಟಿ.’

ವರ್ಷದಿಂದ ನಿನ್ನ ಎರಡೂ ಕಣ್ಣಿನ ನೋಟದ ನಡುಭಾಗ ಮಸುಕಂತೆ. ಅಂಚಿನಲ್ಲಿ ಬೆಳಕು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲವಂತೆ. ಓದಲಾಗುವುದಿಲ್ಲ, ಮುಖ ಗುರುತಾಗುವುದಿಲ್ಲ. ನನ್ನ ಮೆಸೇಜು ಬಂದರೆ ಬೇರೆಯೇ ಸದ್ದು ಬರುವ ಹಾಗೆ ಮಾಡಿಸಿಕೊಂಡಿದ್ದೀಯಂತೆ. ಆ ಸದ್ದು ಕೇಳಿದರೆ ಯಾರನ್ನೂ ಕರೆಯದೆ, ಅಂದಾಜಿನ ಮೇಲೆ ತಡವಿ, ಹೆಬ್ಬೆರಳಿನ ಗುರುತು ಒತ್ತುತ್ತೀಯಂತೆ. ಇದನ್ನು ನನಗೆ ಹೇಳಕೂಡದೆಂದು ಮಗಳಿಂದ ಭಾಷೆ ತೆಗೆದುಕೊಂಡಿದ್ದೀಯಂತೆ. ಯಾಕೆ ಎಂದು ಕೇಳಿದೆ. ಅವಳು ಹೇಳಿದ್ದು ಇಷ್ಟೇ: ‘ಅವಳ ಕಾಲು ಇನ್ಯಾರು ನೋಡ್ತಾರೆ ಅಂತ ಅಮ್ಮ ಅಳ್ತಾರೆ ಆಂಟಿ.’

ಅಯ್ಯೋ ಹುಚ್ಚಿ. ಅಯ್ಯೋ ನನ್ನ ಹುಚ್ಚಿ. ನೀನು ನೋಡಿಯೂ ನೋಡದ ಹಾಗಿದ್ದೀ ಎಂದು ನಾನಿಲ್ಲಿ ಹಲ್ಲು ಕಡಿಯುತ್ತಿದ್ದೆ. ನೀನು ಅಲ್ಲಿ ಕತ್ತಲಲ್ಲಿ ಕೂತು, ಬಂದದ್ದು ಸಾವೋ ಗಾಯವೋ ತಿಳಿಯದೆ, ‘ಇದ್ದೀನಿ ಕಣೆ’ ಎಂದು ಹೇಳಲು ಇದ್ದ ಒಂದೇ ಗುರುತನ್ನು ಒತ್ತುತ್ತಿದ್ದೆ. ಮೇಲಿನ ಮಹಡಿಯಿಂದ ಇಳಿದು ಬಂದು ನನ್ನನ್ನು ಎಬ್ಬಿಸಿದವಳು, ನಿನ್ನ ಸರದಿ ಬಂದಾಗ ಒಂದು ಮಾತು ಹೇಳಲಿಲ್ಲವಲ್ಲ!

ಈ ಪತ್ರವನ್ನು ಈಗ ಏನು ಮಾಡಲಿ? ಅಂಚೆಗೆ ಹಾಕಿದರೆ ನೀನು ಓದಲಾರೆ. ಶರ್ವಾಣಿ ಓದಿ ಹೇಳುವ ಹಾಗಿಲ್ಲ, ನೈರೋಬಿಯಲ್ಲಿ ಬೆಳೆದ ನಮ್ಮ ಮಕ್ಕಳು ಕನ್ನಡ ಕೇಳಿ ತಿಳಿಯುತ್ತಾರೆಯೇ ಹೊರತು ಒಂದಕ್ಷರ ಓದುವುದಿಲ್ಲ. ನಿನ್ನ ಅಳಿಯನಂತೂ ಪಂಜಾಬಿ. ಆ ಊರಿನಲ್ಲಿ ನನ್ನ ಕೈಬರಹ ಓದಬಲ್ಲವಳು ನೀನೊಬ್ಬಳೇ ಇದ್ದೆ.

ಅದಕ್ಕೇ ಇಂದು ಬೆಳಿಗ್ಗೆ ಲೆಸೊಥೊ ಟಿಕೆಟ್ ರದ್ದು ಮಾಡಿದೆ. ಹಿಂದೆ ನೀನು ಹಟ ಹಿಡಿದು ಮಾಡಿಸಿದ್ದ ಕೆನಡಾ ವೀಸಾ ಪಾಸ್‌ಪೋರ್ಟಿನಲ್ಲಿ ಇನ್ನೂ ಇದೆ. ಲೆಸೊಥೊಗೆ ಹೊರಡಬೇಕಿದ್ದ ಅದೇ ಜುಲೈ ಹತ್ತನೆಯ ತಾರೀಕು ನಿನ್ನಲ್ಲಿಗೆ ಹೊರಡುತ್ತೇನೆ. ಜುಲೈನಲ್ಲಿ ಅಲ್ಲಿ ಹಿಮ ಇರುವುದಿಲ್ಲವಂತೆ, ಇರದಿದ್ದರೆ ಬೇಡ. ಹೊಸ ಬೂಟನ್ನೂ ತರುತ್ತೇನೆ. ಒಳಗೆ ಕೈ ಹಾಕಿ ಎಲ್ಲಿ ಒತ್ತುತ್ತಿದೆ ಎಂದು ಹುಡುಕಿಕೊಡು, ಅದಕ್ಕೆ ಕಣ್ಣು ಬೇಕಾಗಿಲ್ಲ. ಪಿಶೋರಿ ಅಕ್ಕಿಯನ್ನೂ ಕಟ್ಟಿಕೊಳ್ಳುತ್ತೇನೆ, ಬೂಟಿಗೆ ಸ್ವಲ್ಪ, ಪಲಾವಿಗೆ ಉಳಿದದ್ದು.

ಈ ಕಾಗದವನ್ನು ನಾನೇ ನಿನಗೆ ಓದಿ ಹೇಳುತ್ತೇನೆ. ಮೊದಲಿನ ಬೈಗುಳವನ್ನೂ ಬಿಡುವುದಿಲ್ಲ, ನಿನಗೆ ಸಲ್ಲಬೇಕಾದ್ದೇ ಅದು. ಈ ಸಾಲು ನಿನ್ನ ಕಿವಿಗೆ ಬೀಳುವಾಗ ನನ್ನ ಬಲಗಾಲು ನಿನ್ನ ಮಡಿಲಲ್ಲಿ ಇರುತ್ತದೆ. ಪಾಪ ಸುತ್ತಿಕೊಳ್ಳಲಿ. ಬೆರಳಾಡಿಸು ಜಯಾ. ಹಿಮ್ಮಡಿಯಿಂದ ಶುರುಮಾಡು. ಬಿಸಿ ಎಲ್ಲಿದೆ ಹೇಳು. ಆಮೇಲೆ ನಿನ್ನ ಕಾಲು ಚಾಚು, ಆ ಹಳೆ ಆಣಿ ಹೇಗಿದೆ ಎಂದು ನಾನು ನೋಡಿ ಹೇಳುತ್ತೇನೆ.

ನಿನ್ನ ದೇವರೂ ನನ್ನ ದೇವರೂ ಕೂಡಿ, ಉಳಿದಿರುವ ಆ ಅಂಚಿನ ಬೆಳಕನ್ನು ನಿನಗೆ ಕಾಯಲಿ. ನಾನು ಬಂದು ಮುಟ್ಟುವವರೆಗೆ ನಿನ್ನ ಕಾಲಿಗೆ ಒಂದು ಮುಳ್ಳೂ ತಾಗದಿರಲಿ.

ಪ್ರೀತಿಯ ಜಯಾ, ನೋಡು, ಬಂತು ಆ ಪದ.

ಕಾಲು ಚಾಚಿಕೊಂಡು ಕೂತಿರುವ
ನಿನ್ನ ಸಲೋಮಿ