ಅಜ್ಜಿಯ ಕಾಲಿಗೆ ಮೊಮ್ಮಗಳ ಶೂ

ಮನೆ, ಕಿಟಕಿ ಪಕ್ಕದ ಮಂಚ
ಮಾರ್ಚ್ ೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಜಗಮೊಂಡಿ ಮೊಮ್ಮಗಳಿಗೆ,

ಹೇಗಿದ್ದೀಯ? ಮೆಟ್ಟಿಲು ಇಳಿಯುವಾಗ ಬಲಪಾದದ ಕೀಲು ಈಗಲೂ ಚುಳುಕ್ ಅನ್ನುತ್ತದೆಯೇ? ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ತಿನ್ನುತ್ತೀಯೋ, ಇಲ್ಲ ಕೋಪದಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತೀಯೋ? ನಾನು ಗಟ್ಟಿಯಾಗಿದ್ದೇನೆ. ಕಣ್ಣು ಮಂಜು, ಕಿವಿ ಚುರುಕು, ನಾಲಿಗೆಯ ವಿಷಯ ನಿನಗೆ ಗೊತ್ತೇ ಇದೆ. ನಿನ್ನಪ್ಪನೂ ಇದ್ದಾನೆ. ನೀನು ಅವನ ಫೋನ್ ಎತ್ತುವುದಿಲ್ಲ, ಅವನು ಪತ್ರ ಬರೆಯುವ ಪೈಕಿಯಲ್ಲ. ನಿಮ್ಮಿಬ್ಬರ ನಡುವೆ ನಾನೊಬ್ಬಳು ಸಂಬಳವಿಲ್ಲದ ಅಂಚೆಪೇದೆ.

ಅವನನ್ನು ಹೆತ್ತವಳು ನಾನು, ಆದ್ದರಿಂದ ಬೈಯುವ ಹಕ್ಕೂ ನನ್ನದೇ. ಟೈರ್ ಅಂಗಡಿಯಲ್ಲಿ ಕೂತು, ಸವೆದ ಟೈರ್ ತಂದವರಿಗೆಲ್ಲ "ಇದ್ರಲ್ಲಿ ಇಳಿಜಾರಿಗೆ ಹೋದ್ರೆ ಮನೆಗೆ ವಾಪಸ್ ಬರಲ್ಲ ನೀವು" ಎಂದು ಉಪದೇಶ ಮಾಡುವ ಮಹಾಶಯ, ನೀನು ಬೆಟ್ಟದ ಓಟಕ್ಕೆ ಶೂ ಕೇಳಿದಾಗ ಏನು ಮಾಡಿದ? "ಓಡೋದು ಕಾಲು ಕಣೇ, ಶೂ ಅಲ್ಲ" ಎಂದು ತನ್ನ ಹಳೆಯ ಜೋಡಿಯ ಮೂತಿಗೆ ಹತ್ತಿ ತುರುಕಿ ಕೊಟ್ಟ. ಅಡಿಯೋ, ಸವೆದು ನುಣ್ಣಗಾಗಿತ್ತು. ಶೂ ಒಳಗೆ ನಿನ್ನ ಕಾಲು ಜಾರಿತು, ಕಲ್ಲಿನ ಮೇಲೆ ಶೂ ಜಾರಿತು, ಕೀಲು ತಿರುಚಿಕೊಂಡು ಬಿದ್ದೆ. ಆಸ್ಪತ್ರೆಯಲ್ಲೂ ಆ ಪುಣ್ಯಾತ್ಮನ ಬಾಯಿಂದ ಬಂದದ್ದು "ನೋಡ್ಕೊಂಡು ಓಡ್ಬೇಕಿತ್ತು" ಅನ್ನುವ ಮಾತು. ಥೂ! ನೀನು ಮುಖ ತಿರುಗಿಸಿಕೊಂಡು ಹೋದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಡಾಕ್ಟರು ಮತ್ತೆ ಓಡಬಹುದು ಅಂದರು ಎಂದು ನೀನು ನನಗೆ ಫೋನಿನಲ್ಲಿ ಹೇಳಿದೆಯಲ್ಲ, ಅದನ್ನು ನಿನ್ನಪ್ಪ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಾನೆ. ಮರುದಿನ ಸಂಜೆ ಅಂಗಡಿಗೆ ಬೀಗ ಹಾಕಿ ಬಂದವನೇ ನನ್ನನ್ನು ಶೂ ಅಂಗಡಿಗೆ ಎಳೆದುಕೊಂಡು ಹೋದ. ನಿನ್ನ ಪಾದ ನನ್ನದೇ ಅಚ್ಚು ತಾನೇ, ಮುಂದೆ ಮೊರದ ಹಾಗೆ ಅಗಲ, ಹಿಮ್ಮಡಿ ಸಣ್ಣ. ನೀನು ಹೈಸ್ಕೂಲು ಸೇರಿದಾಗಿನಿಂದ ಈ ಮನೆಯಲ್ಲಿ ನಿನ್ನ ಚಪ್ಪಲಿಗಳೆಲ್ಲ ನನ್ನ ಕಾಲಿಗೆ ಹಾಕಿ ನೋಡಿಯೇ ಬಂದಿವೆ. ಆದರೆ ಬೆಟ್ಟ ಓಡುವ ಶೂ ಹಾಕಿಕೊಂಡು ಇಡೀ ಬೀದಿಗೆ ನಗೆಪಾಟಲಾಗುವ ಯೋಗ ಈ ವಯಸ್ಸಿಗೇ ಬರಬೇಕಿತ್ತೇ!

ಅಂಗಡಿಯವನು ಎದೆ ಉಬ್ಬಿಸಿಕೊಂಡು ಮೊದಲು ಒಂದು ದಪ್ಪ ಅಟ್ಟೆಯ ಜೋಡಿ ತಂದ. ಬಣ್ಣ ನೋಡಿದರೆ ಗಿಳಿಗೂ ನಾಚಿಕೆಯಾಗಬೇಕು. "ಮೋಡದ ಮೇಲೆ ನಡೆದ ಹಾಗಿರುತ್ತೆ ಅಜ್ಜಿ" ಅಂದ. ಮೋಡದ ಮೇಲಕ್ಕೆ ಹೋಗುವ ದಿನ ನನಗೇನೂ ದೂರವಿಲ್ಲ, ನಿನ್ನ ಶಿಫಾರಸು ಬೇಡ ಅಂದೆ. ಎದ್ದರೆ ಹಾಸಿಗೆಯ ಮೇಲೆ ನಿಂತ ಹಾಗೆ ಓಲಾಡಿದೆ. ಮೆತ್ತಗಿದ್ದರೆ ಸುಖ ಎಂದುಕೊಳ್ಳುವ ಮಂಕುಗಳಿಗಾಗಿ ಮಾಡಿದ ಮಾಲು ಅದು. ಇನ್ನೊಂದರಲ್ಲಿ ಬೆರಳು ಒಂದರ ಮೇಲೊಂದು ಹತ್ತಿದವು, ಮತ್ತೊಂದರಲ್ಲಿ ಹಿಮ್ಮಡಿ ಎದ್ದೆದ್ದು ಬಂತು. ನಿನ್ನಪ್ಪನೋ, ಪ್ರತಿಯೊಂದನ್ನೂ ಟೈರಿನ ಹಾಗೆ ಒತ್ತುತ್ತಾನೆ, ತಿರುಚುತ್ತಾನೆ, ರಬ್ಬರಿನ ವಾಸನೆ ನೋಡುತ್ತಾನೆ. ಆಮೇಲೆ ಅಂಗಡಿ ಬಾಗಿಲಲ್ಲಿ ಸಾಮಾನಿನ ಗಾಡಿ ಇಳಿಸುವ ಇಳಿಜಾರಿಗೆ ನನ್ನನ್ನು ಕರೆದುಕೊಂಡು ಹೋಗಿ "ಇಳಿ ಅಮ್ಮ, ಬೆರಳು ಮುಂದಕ್ಕೆ ಬಡಿಯುತ್ತಾ ಹೇಳು" ಅನ್ನುತ್ತಾನೆ. ಈ ಬುದ್ಧಿ ಹೋದ ವರ್ಷ ಎಲ್ಲಿ ಮೇಯಲು ಹೋಗಿತ್ತೋ! ಕೊನೆಗೆ ಒಂದು ಬೂದಿ ಬಣ್ಣದ ಜೋಡಿ ಬಂತು, ನೋಡಲು ದರಿದ್ರ. ಅಡಿ ಅಗಲ, ಎತ್ತರ ಕಡಿಮೆ, ಹಲ್ಲು ಹಲ್ಲಾದ ರಬ್ಬರು. ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯಿತು, ಬೆರಳ ಮುಂದೆ ಜಾಗ ಬಿಟ್ಟಿತು, ಪಕ್ಕಕ್ಕೆ ವಾಲಲಿಲ್ಲ. ಕೋಲು ಅವನ ಕೈಯಲ್ಲೇ ಬಿಟ್ಟು ಇಳಿದುಬಿಟ್ಟೆ. ಇದೇ ನಮ್ಮ ಹುಡುಗಿಯದು ಅಂದೆ.

ಅಲ್ಲಿಗಾದರೂ ಮುಗಿಯಿತೇ? ಕೀಲು ಅಲುಗದ ಹಾಗೆ ಲೇಸನ್ನು ಮೇಲಿನ ತೂತಿನಲ್ಲಿ ಸುತ್ತಿ ಕಟ್ಟುವ ಒಂದು ಕ್ರಮವಿದೆಯಂತೆ. ದಿನಾ ಸಂಜೆ ನನ್ನ ಕಾಲ ಬುಡದಲ್ಲಿ ಕೂತು ಕಟ್ಟುತ್ತಾನೆ, ಬಿಚ್ಚುತ್ತಾನೆ. ಲಾರಿ ಚಕ್ರದ ನಟ್ಟು ಬಿಗಿಯುವ ಕೈ, ಒಂದು ಲೇಸು ಕಿತ್ತೇ ಬಂತು. ಮೊನ್ನೆ ಬಲಗಾಲಿನದನ್ನು ಕಟ್ಟಿ, ಅದರ ಮೇಲೆ ಕೈಯಿಟ್ಟುಕೊಂಡು, "ಅವತ್ತು ಒಂದು ಮಾತು ಹೇಳ್ಬೇಕಿತ್ತು ಅಮ್ಮ" ಅಂದ. ನನಗೆ ಹೇಳಿ ಏನು ಪ್ರಯೋಜನ ದಡ್ಡಾ, ಬಿದ್ದವಳು ನಾನಲ್ಲ ಅಂದೆ. ಎದ್ದು ಹೋದ. ಐವತ್ತು ದಾಟಿದ ಗಂಡಸಿಗೆ "ತಪ್ಪಾಯ್ತು" ಅನ್ನುವುದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಅದರ ಬದಲು ರಟ್ಟಿನ ಪೆಟ್ಟಿಗೆ ಕಳಿಸುತ್ತಾನಂತೆ, ಹೇಡಿ. ನೀನೇನು ಕಡಿಮೆಯೇ? ಪಾದ ನನ್ನದು, ಮೊಂಡುತನ ಪೂರಾ ಅವನದು. ನೀವಿಬ್ಬರೂ ಮಾತಾಡದ ಈ ಮನೆಯಲ್ಲಿ ಊಟಕ್ಕೆ ಕೂರುವುದು ನನಗೆ ಸಾಕಾಗಿದೆ ಕಣೇ.

ಪೆಟ್ಟಿಗೆ ಕಟ್ಟಿ ಕೊರಿಯರಿನವನಿಗೆ ಕೊಡುವ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಈ ಪತ್ರವನ್ನೂ ಅದರೊಳಗೇ ಇಡುತ್ತೇನೆ. ನಿನ್ನ ಕಾಲು ಗಟ್ಟಿಯಾಗಲಿ, ತಲೆ ಸ್ವಲ್ಪ ಮೆತ್ತಗಾಗಲಿ, ಅಷ್ಟೇ ನನ್ನ ಆಶೀರ್ವಾದ.

ಇಂತಿ,
ನಿನ್ನ ಪಾದದ ಮೂಲ ಒಡತಿ,
ಅಜ್ಜಿ

ಬರೆಯಲು ಮರೆತೆ: ಪೆಟ್ಟಿಗೆಯಲ್ಲಿ ಎಡಗಾಲಿನದು ಮಾತ್ರ ಇದೆ. ಕೊರಿಯರಿನವನನ್ನು ಬೈಯಬೇಡ, ಎತ್ತಿಟ್ಟುಕೊಂಡವಳು ನಾನೇ. ಬಲಗಾಲಿನದು ನನ್ನ ಮಂಚದ ಕೆಳಗಿದೆ, ನಿನ್ನಪ್ಪನಿಗೆ ಗೊತ್ತಿಲ್ಲ. ಆ ಕಾಲಿನದನ್ನು ಅವನೇ ಕೂತು ಕಟ್ಟಲಿ, ಕಟ್ಟುತ್ತಾ ಹೇಳಬೇಕಾದ್ದನ್ನು ನಿನಗೇ ಹೇಳಲಿ. ಭಾನುವಾರ ಟೈರ್ ಅಂಗಡಿಗೆ ರಜೆ.