ದೈಜೋಬು ಅಂದರೆ ಏನು

ಆಗಸ್ಟ್ ೧೩, ಬುಧವಾರ

ಇವತ್ತೂ ಕೆಳಗಿನ ಮಹಡಿಯ ನಮ್ರತಾಳ ಮನೆಗೆ ಹೋಗಿ ಅವಳ ತುಳಸಿಗೆ ನೀರು ಹಾಕಿ ಬಂದೆ. ಬೀಗ ತೆಗೆಯುವ ಹೊತ್ತಿಗೇ ಫೋಟೋ ಬಂತು. ಲಿಸ್ಬನ್‌ನ ನದಿ ದಂಡೆ, ಅವಳು, ಅವಳ ಗಂಡ ವಿನೀತ್, ಇಬ್ಬರ ನಡುವೆ ಒಂದೇ ಐಸ್‌ಕ್ರೀಮ್. ಮದುವೆಯಾಗಿ ಅವರಿಗೂ ಎರಡೇ ವರ್ಷ, ನಮಗೂ ಎರಡೇ ವರ್ಷ. ನನಗೆ ಮಾತ್ರ ಟೋಕಿಯೊದ ಈ ತೊಯೊಸುವಿನ ಸೆಕೆ, ಬೀದಿ ಮೂಲೆಯ ಕೊಂಬಿನಿ ಅಂಗಡಿಯ ಐಸ್‌ಕ್ಯಾಂಡಿ.

ಈ ವಾರ ನಮ್ಮದಾಗಬೇಕಿತ್ತು. ಲಿಸ್ಬನ್ ಎಂದು ಮೊದಲು ಬಾಯಿಬಿಟ್ಟವಳೇ ನಾನು, ಅದೂ ಅವಳ ಮುಂದೆ! ಆಫೀಸಿನಲ್ಲಿ ಬಾಸ್ ಮೊರಿ-ಸಾನ್ ಈ ವಾರ ರಜೆ ಬೇಕೇ ಎಂದು ಕೇಳಿದಾಗ ಸುಪ್ರೀತ್ ನಗುನಗುತ್ತಾ "ದೈಜೋಬು" ಅಂದನಂತೆ. ಇವನ ಮನಸ್ಸಿನಲ್ಲಿ 'ಆಗಬಹುದು'. ಅವರ ಕಿವಿಗೆ 'ಬೇಡ, ಪರವಾಗಿಲ್ಲ'. ರಜೆ ಅದೇ ಟೀಮಿನ ವಿನೀತ್‌ಗೆ ಹೋಯಿತು. ಮೂರು ವರ್ಷದಿಂದ ಜಪಾನಿನಲ್ಲಿದ್ದಾನೆ, ನನ್ನ ಗಂಡ ಮಹಾನುಭಾವ.

ಹೊಟ್ಟೆ ಉರಿಯುತ್ತಿದೆ. ಎರಡು ದಿನ ನೀರು ಹಾಕದಿದ್ದರೆ ಏನಾಗುತ್ತದೆ ಎಂದೂ ಯೋಚಿಸಿದೆ. ಆಮೇಲೆ ಹೆದರಿ, ತುಳಸಿಗೆ ಕೈಮುಗಿದು ಇನ್ನೊಂದು ಚೊಂಬು ಸುರಿದೆ.

ಊಟದ ಹೊತ್ತಿಗೆ ಅವಳ ಮೆಸೇಜು: "ಇಲ್ಲಿ ಗಾಳಿ ಎಷ್ಟು ಚೆನ್ನಾಗಿದೆ ಗೊತ್ತಾ! ನೀವೂ ಬರ್ಬೇಕಿತ್ತು ಕಣೇ." ಫೋನ್ ಬೋರಲು ಹಾಕಿದೆ.

ಸುಪ್ರೀತ್ ನೋಡಿದ. "ಬೇಜಾರಾಯ್ತಾ?"

"ದೈಜೋಬು," ಅಂದೆ.

ಯಾವ ಅರ್ಥದಲ್ಲಿ ಎಂದು ಈ ಸಲವಾದರೂ ಕೇಳುತ್ತಾನೇನೋ ಎಂದು ಕಾದೆ. "ಸರಿ ಹಾಗಾದ್ರೆ," ಎಂದು ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಕೊಂಡ.